ಮೂರು ತಿಂಗಳ ಸ್ಪೋಕನ್ ಇಂಗ್ಲಿಷ್: ಹಂಪನಕಟ್ಟೆಯ ಒಂದು ಸಂಜೆ ತರಗತಿಯ ವಿಮರ್ಶೆ

ಮಂಗಳೂರಿನ ಹಂಪನಕಟ್ಟೆಯ ಗಲಾಟೆಯಿಂದ ತುಸು ಒಳಗೆ, ಕೆಳಗಡೆ ಬಟ್ಟೆಯಂಗಡಿ ಇರುವ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ನಡೆಯುವ ಸ್ಪೋಕನ್ ಇಂಗ್ಲಿಷ್ ತರಗತಿಗೆ ನಾನು ಕಳೆದ ಜುಲೈಯಿಂದ ಸೆಪ್ಟೆಂಬರ್ ವರೆಗೆ ಹೋಗಿ ಬಂದೆ. ಶುಲ್ಕ 6,500 ರೂಪಾಯಿ. ಕೊನೆಯಲ್ಲಿ ಮರಳಿ ಕೊಡುತ್ತೇವೆಂದು ಹೇಳಿ ಪುಸ್ತಕಗಳ ಬಾಬ್ತು ತೆಗೆದುಕೊಂಡ ಠೇವಣಿ 500 ರೂಪಾಯಿ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ದೂರುವ ಸಂಗತಿಗಳು ಅದೊಂದರಲ್ಲೇ ಇರುವಂಥವಲ್ಲ, ಮೆಚ್ಚುವ ಸಂಗತಿಗಳನ್ನು ಬೇರೆ ಕಡೆ ಸೇರುವವರೂ ಕೇಳಿ ಪಡೆಯಬಹುದಾದವು. ಮಕ್ಕಳನ್ನು ಇಂಥ ತರಗತಿಗೆ ಸೇರಿಸಬೇಕೋ ಬೇಡವೋ ಎಂದು ಕೇಳುವ ಹೆತ್ತವರು, ತಾವೇ ಸೇರಲು ಹೊರಟಿರುವ ಪದವಿ ವಿದ್ಯಾರ್ಥಿಗಳು ನನ್ನ ಸುತ್ತ ಸಾಕಷ್ಟಿರುವುದರಿಂದ ಇದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ವಿಮರ್ಶೆಗೆ ಬುಡ ಇರುವುದಿಲ್ಲ. ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು, ವಯಸ್ಸು ನಲವತ್ತಾರು. ಬಿಡುವಿನಲ್ಲಿ ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತೇನೆ. ಭಾಗವತರು ಪದ್ಯ ಮುಗಿಸಿದ ಮೇಲೆ, ಕೈಯಲ್ಲೊಂದು ಚೀಟಿಯೂ ಇಲ್ಲದೆ, ಕರ್ಣನಾಗಿಯೋ ವಾಲಿಯಾಗಿಯೋ ಅರ್ಧ ಗಂಟೆ ಮಾತಾಡುವುದು ನನಗೆ ಕಷ್ಟವಲ್ಲ. ಅಂಥವನು ಎರಡು ವರ್ಷಗಳ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ, ಹೊರರಾಜ್ಯದ ಪ್ರಾಧ್ಯಾಪಕರೊಬ್ಬರು ಯಕ್ಷಗಾನದ ಮಾತುಗಾರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದ ತೀರ ಸರಳವಾದ ಪ್ರಶ್ನೆಗೆ ‘ಯೆಸ್, ಯೆಸ್’ ಎಂದು ನಕ್ಕು, ಚಹಾದ ಲೋಟ ಹಿಡಿದುಕೊಂಡು ಇನ್ನೊಂದು ಮೂಲೆಗೆ ಸರಿದುಬಿಟ್ಟೆ. ಅವರು ಕೇಳಿದ್ದು ಹೌದು, ಅಲ್ಲ ಎಂದು ಉತ್ತರಿಸುವ ಪ್ರಶ್ನೆಯೇ ಆಗಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು, ಅದಕ್ಕೆ ಬೇಕಾದ ಇಂಗ್ಲಿಷ್ ಶಬ್ದಗಳೂ ಬಹುಮಟ್ಟಿಗೆ ಗೊತ್ತಿದ್ದವು. ಆದರೂ ಬಾಯಿ ಕಟ್ಟಿತು. ಸಭಾಕಂಪ ಎಂಬುದು ನನ್ನನ್ನು ಬಿಟ್ಟು ಹೋಗಿ ಇಪ್ಪತ್ತು ವರ್ಷ ಆಯಿತೆಂದು ಎಣಿಸಿದ್ದೆ. ಅದು ಭಾಷೆ ಬದಲಾಯಿಸಿಕೊಂಡು ಕಾದು ಕುಳಿತಿತ್ತು.

ತರಗತಿಯ ಕರಪತ್ರದಲ್ಲಿ ‘ಒಂದು ತಂಡಕ್ಕೆ 15 ಮಂದಿ ಮಾತ್ರ’ ಎಂದಿತ್ತು. ಮೊದಲ ದಿನ ಎಣಿಸಿದರೆ 28 ಮಂದಿ ಇದ್ದೆವು. ನನ್ನನ್ನೂ ಒಬ್ಬ ವಿಮಾ ಏಜೆಂಟರನ್ನೂ ಬಿಟ್ಟರೆ ಉಳಿದವರೆಲ್ಲ ವಿದ್ಯಾರ್ಥಿಗಳು: ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಓದುವವರು, ನಗರದ ಪದವಿ ಕಾಲೇಜುಗಳವರು, ಎಂಜಿನಿಯರಿಂಗ್ ಕೊನೆಯ ವರ್ಷದ ಮೂವರು. ನನ್ನದೇ ತರಗತಿಯ ಬಿ.ಕಾಂ. ಹುಡುಗನೊಬ್ಬ ಎದುರಿನ ಬೆಂಚಿನಲ್ಲಿ ಕುಳಿತಿದ್ದ. ನಾನು ಒಳಗೆ ಬಂದೊಡನೆ ಎದ್ದು ನಿಂತ. ಅವನನ್ನು ಕೂರಿಸುವುದಕ್ಕೆ ಎರಡು ವಾರ ಬೇಕಾಯಿತು. ನನ್ನೆದುರು ಅವನೂ, ಅವನೆದುರು ನಾನೂ ತಪ್ಪು ಇಂಗ್ಲಿಷ್ ಮಾತಾಡುವಂತಾಗುವುದಕ್ಕೆ ಇನ್ನೂ ಎರಡು ವಾರ.

ಮೊದಲ ದಿನವೇ ತರಬೇತುದಾರರು ಒಂದು ಹಾಳೆ ಹಂಚಿದರು. ಮಾತೃಭಾಷೆಯಲ್ಲದ ಭಾಷೆಯ ತರಗತಿಯಲ್ಲಿ ಹುಟ್ಟುವ ಆತಂಕವನ್ನು ಅಳೆಯಲು ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಅಮೆರಿಕದಲ್ಲಿ ಸಿದ್ಧಪಡಿಸಿದ 33 ಹೇಳಿಕೆಗಳ ಪಟ್ಟಿಯೊಂದಿದೆ. ಅದರಿಂದ ಎಂಟು ಹೇಳಿಕೆಗಳನ್ನು ಆಯ್ದು ಕನ್ನಡಕ್ಕೆ ತಂದಿದ್ದರು. ಸರದಿ ಹತ್ತಿರ ಬರುವಾಗ ಮೈ ನಡುಗುತ್ತದೆಯೇ, ಸಿದ್ಧತೆಯಿಲ್ಲದೆ ಮಾತಾಡಬೇಕಾದಾಗ ಗಾಬರಿಯಾಗುತ್ತದೆಯೇ, ಮಾತಾಡಿದರೆ ಇತರರು ನಗುವರೆಂಬ ಭಯವಿದೆಯೇ ಎಂಬಂಥ ಪ್ರಶ್ನೆಗಳು. ಹೆಸರು ಬರೆಯಬೇಕಾಗಿರಲಿಲ್ಲ. ಹಾಳೆಗಳನ್ನು ಒಟ್ಟು ಹಾಕಿ ಅಲ್ಲೇ ಎಣಿಸಿದಾಗ, ನಗುವಿನ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕದವರು ಇಬ್ಬರೇ. ವ್ಯಾಕರಣ ಗೊತ್ತಿಲ್ಲವೆಂಬ ಚಿಂತೆಗೆ ಅಷ್ಟು ಗುರುತುಗಳು ಬಿದ್ದಿರಲಿಲ್ಲ. ಈ ಒಂದು ಕೆಲಸಕ್ಕೆ ನಾನು ಸಂಸ್ಥೆಗೆ ಪೂರ್ಣ ಅಂಕ ಕೊಡುತ್ತೇನೆ. ತನಗೊಬ್ಬನಿಗೇ ಇರುವ ಹೇಡಿತನವೆಂದು ಹದಿನೈದು ವರ್ಷದಿಂದ ಮುಚ್ಚಿಟ್ಟುಕೊಂಡದ್ದು ಕೋಣೆಯಲ್ಲಿರುವ ಎಲ್ಲರಲ್ಲೂ ಇದೆಯೆಂದು ಕಣ್ಣಾರೆ ಕಂಡಾಗ ಒಂದು ಬಗೆಯ ಸಡಿಲ ಬರುತ್ತದೆ. ಅದು ಯಾವ ಭಾಷಣದಿಂದಲೂ ಬರುವಂಥದಲ್ಲ.

ನಗುವಿನ ಈ ಭಯ ನಮ್ಮೂರಲ್ಲಿ ಯಾಕೆ ಇಷ್ಟು ಗಟ್ಟಿಯಾಗಿದೆ ಎಂದು ನಾನು ಬಸ್ಸಿನಲ್ಲಿ ಹೋಗುವಾಗ ಬರುವಾಗ ಯೋಚಿಸುತ್ತಿದ್ದೆ. ಮಂಗಳೂರಿನ ಮಕ್ಕಳಿಗೆ ಎರಡನೆಯ ಭಾಷೆ ಹೊಸ ಸಂಗತಿಯೇನಲ್ಲ. ನಮ್ಮ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಆಚೆ ಬ್ಯಾರಿ. ಕನ್ನಡ ನಮ್ಮಲ್ಲಿ ಅನೇಕರಿಗೆ ಶಾಲೆಯಲ್ಲಿ ಸಿಕ್ಕಿದ್ದು. ಹಾಗೆ ಸಿಕ್ಕಿದ್ದರಿಂದಲೇ ನಮ್ಮ ಕನ್ನಡ ಪುಸ್ತಕದ ಕನ್ನಡದಂತೆ ಕೇಳಿಸುತ್ತದೆಂದು ಬೆಂಗಳೂರಿನವರು ತಮಾಷೆ ಮಾಡುತ್ತಾರೆ, ನಾವು ಕ್ಯಾರೇ ಅನ್ನುವುದಿಲ್ಲ. ‘ಎಂತ ಮಾರಾಯ್ರೇ’ ಎಂದು ಇನ್ನೂ ಗಟ್ಟಿಯಾಗಿ ಹೇಳುತ್ತೇವೆ. ಕನ್ನಡದಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ಏನೂ ಇಲ್ಲವೆಂದು ನಮಗೆ ಗೊತ್ತಿದೆ. ಇಂಗ್ಲಿಷಿನಲ್ಲಿ ತಪ್ಪಿದರೆ ಓದಿದ ಓದೆಲ್ಲ ಸುಳ್ಳೆಂದು ಜನ ತಿಳಿಯುತ್ತಾರೆ ಎಂಬ ಅಳುಕು, ವಿಶೇಷವಾಗಿ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದ ಹುಡುಗರಲ್ಲಿ, ಎಲುಬಿಗೆ ಇಳಿದಿದೆ. ಪದವಿ ತರಗತಿಯಲ್ಲಿ ಅವರ ಪಕ್ಕದಲ್ಲೇ ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವರು ಕುಳಿತಿರುತ್ತಾರೆ. ಹೋಲಿಕೆ ದಿನವೂ ನಡೆಯುತ್ತದೆ, ಅದನ್ನು ಮಾಡುವವರು ಹೆಚ್ಚಾಗಿ ಕನ್ನಡ ಮಾಧ್ಯಮದ ಆ ಹುಡುಗರೇ.

ಇಷ್ಟನ್ನು ಮೊದಲ ದಿನವೇ ಕಂಡುಕೊಂಡ ಸಂಸ್ಥೆ ಎರಡನೆಯ ದಿನ ಮಾಡಿದ ಕೆಲಸ ನನಗೆ ಅರ್ಥವಾಗಲಿಲ್ಲ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ ಇಟ್ಟು, ತರಗತಿಯೊಳಗೆ ಕನ್ನಡವನ್ನೋ ತುಳುವನ್ನೋ ಮಾತಾಡಿದವರು ಪ್ರತಿ ಸಲವೂ 10 ರೂಪಾಯಿ ಹಾಕಬೇಕೆಂದು ಕಟ್ಟಳೆ ಮಾಡಿದರು. ಕನ್ನಡ ಕಲಿಸಿ ಸಂಬಳ ಪಡೆಯುವವನು ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟುವುದರಲ್ಲಿ ಒಂದು ಹಾಸ್ಯ ಇದೆಯೆಂದು ಮೊದಲ ವಾರ ನಗುತ್ತಲೇ ಕಟ್ಟಿದೆ. ಎರಡನೆಯ ವಾರದ ಹೊತ್ತಿಗೆ ಡಬ್ಬಕ್ಕೆ ಬೀಳುವ ದುಡ್ಡು ಕಡಿಮೆಯಾಯಿತು. ಇಂಗ್ಲಿಷ್ ಹೆಚ್ಚಾದದ್ದರಿಂದಲ್ಲ, ಜನ ಬಾಯಿ ತೆರೆಯುವುದನ್ನೇ ಬಿಟ್ಟಿದ್ದರು. ಅರ್ಧ ವಾಕ್ಯ ಇಂಗ್ಲಿಷಿನಲ್ಲಿ ಹೇಳಿ, ಸಿಗದ ಒಂದು ಶಬ್ದವನ್ನು ಕನ್ನಡದಲ್ಲೇ ತುಂಬಿಸಿ ಮುಂದೆ ಹೋಗುತ್ತಿದ್ದವರು ಕೂಡ ಆ ಒಂದು ಶಬ್ದದ ಭಯಕ್ಕೆ ಇಡೀ ವಾಕ್ಯವನ್ನು ನುಂಗಿಕೊಂಡರು. ನಾವು ಕೆಲವರು ಮಾತಾಡಿದ ಮೇಲೆ ಮೂರನೆಯ ವಾರ ಡಬ್ಬ ಮಾಯವಾಯಿತು. ಅದರಲ್ಲಿದ್ದ 340 ರೂಪಾಯಿಯಲ್ಲಿ ಗೋಳಿಬಜೆ ತರಿಸಿ ಎಲ್ಲರಿಗೂ ಹಂಚಿದರು. ತಪ್ಪನ್ನು ಒಪ್ಪಿ ತಿದ್ದಿಕೊಂಡದ್ದಕ್ಕೆ ಮೆಚ್ಚುಗೆ ಸಲ್ಲಲೇಬೇಕು, ಆದರೆ ಆ ಎರಡು ವಾರಗಳಲ್ಲಿ ತರಗತಿ ಬಿಟ್ಟ ಆರು ಮಂದಿ ಮರಳಿ ಬರಲಿಲ್ಲ.

ವಾರದ ದಿನಗಳಲ್ಲಿ ಪಾಠ ಮಾಡುತ್ತಿದ್ದವರು ಮಧ್ಯವಯಸ್ಸಿನ ಮಹಿಳೆ, ಕೊಂಕಣಿ ಮನೆಮಾತಿನವರು. ಈ ವಿಮರ್ಶೆಯಲ್ಲಿ ನಾನು ಹೊಗಳುವುದೆಲ್ಲ ಬಹುಮಟ್ಟಿಗೆ ಅವರೊಬ್ಬರ ಕೆಲಸ. ಅವರು ಮಾಡಿದ ಒಂದು ಅಭ್ಯಾಸವನ್ನು ಹತ್ತಿರದಿಂದ ಹೇಳುತ್ತೇನೆ.

ಸುಳ್ಯದ ಕಡೆಯ ಹುಡುಗನೊಬ್ಬ, ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದವನು, ಹಾಸ್ಟೆಲಿನಲ್ಲಿದ್ದು ತರಗತಿಗೆ ಬರುತ್ತಿದ್ದ. ‘ನನ್ನ ಗುರಿ’ ಎಂಬ ವಿಷಯದ ಮೇಲೆ ಎರಡು ನಿಮಿಷ ಮಾತಾಡಲು ಹೇಳಿದಾಗ ಅವನು ಹೆಸರು, ಊರು ಹೇಳಿ ನಿಂತುಬಿಟ್ಟ. ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದ. ಆ ಟಿಕ್ ಟಿಕ್ ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ತರಬೇತುದಾರರು ಕೂತುಕೊಳ್ಳಲು ಹೇಳಿದರು, ಏನೂ ಟೀಕಿಸಲಿಲ್ಲ. ಮುಂದಿನ ಸೋಮವಾರ ಅವನು ಬರಲಿಲ್ಲ. ಬುಧವಾರ ಬಂದವನನ್ನು ಯಾಕೆ ಬರಲಿಲ್ಲವೆಂದು ಕೇಳಿದರೆ, ಮನೆಯಲ್ಲಿ ಅಡಿಕೆಗೆ ಎರಡನೆಯ ಸಲದ ಮದ್ದು ಬಿಡುವ ಕೆಲಸ ಇತ್ತೆಂದು ಕನ್ನಡದಲ್ಲಿ ಹೇಳಿದ. ‘ಅದು ಎಂತ ಮದ್ದು, ನಾನು ಪೇಟೆಯವಳು, ನನಗೆ ಗೊತ್ತಿಲ್ಲ, ಇಂಗ್ಲಿಷಿನಲ್ಲಿ ಹೇಳಿಕೊಡು’ ಎಂದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದು ಅವನಿಗೂ ತಿಳಿಯಿತು.

ಅವನು ಕುಳಿತಲ್ಲಿಂದಲೇ ಶುರು ಮಾಡಿದ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ, ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಅದಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ‘ಒನ್ ಕೇಜಿ’ ಎಂದು ಹೇಳಿ ನಿಂತ. ಮೈಲುತುತ್ತಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಕಾಪರ್ ಸಲ್ಫೇಟ್ ಎಂಬುದು ಆ ಗಳಿಗೆಯಲ್ಲಿ ಅವನ ನೆನಪಿಗೆ ಬರಲಿಲ್ಲ. ಕೈಯಲ್ಲಿ ಒಂದು ಹರಳಿನ ಆಕಾರ ತೋರಿಸಿ ‘ಬ್ಲೂ ಸ್ಟೋನ್’ ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ತರಬೇತುದಾರರು ಮೊಬೈಲಿನಲ್ಲಿ ಹುಡುಕಿ, ಕಾಪರ್ ಸಲ್ಫೇಟಿಗೆ ಇಂಗ್ಲಿಷಿನಲ್ಲಿ ಬ್ಲೂಸ್ಟೋನ್ ಎಂಬ ಹೆಸರು ನಿಜವಾಗಿಯೂ ಇದೆಯೆಂದು ಎಲ್ಲರಿಗೂ ಓದಿ ಹೇಳಿದರು. ಹುಡುಗನ ಮುಖದ ಮೇಲೆ ಆಗ ಬಂದದ್ದನ್ನು ನಾನು ಮರೆಯಲಾರೆ. ಅಲ್ಲಿಂದ ಅವನು ನಿಲ್ಲಲಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಆಗದು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯಬೇಕು. ಕೊನೆಗೆ ಕತ್ತಿಯ ಅಲಗನ್ನು ಅದ್ದಿ ನೋಡಬೇಕು, ಕೆಂಪಾಗಿ ತಾಮ್ರ ಅಂಟಿದರೆ ಸುಣ್ಣ ಸಾಲದೆಂದು ಲೆಕ್ಕ. ‘ರೆಡ್ ಕಮ್ಮಿಂಗ್ ಮೀನ್ಸ್ ಲೈಮ್ ನಾಟ್ ಇನಫ್’ ಎಂಬ ಅವನ ವಾಕ್ಯವನ್ನು ಯಾವ ವ್ಯಾಕರಣ ಪುಸ್ತಕವೂ ಒಪ್ಪುವುದಿಲ್ಲ. ಆದರೆ ಕೋಣೆಯಲ್ಲಿದ್ದವರೆಲ್ಲರಿಗೂ ಅರ್ಥವಾಯಿತು. ಒಬ್ಬಳು ‘ಹೌ ಮಚ್ ಲೈಮ್ ಯೂ ಆ್ಯಡ್ ದೆನ್?’ ಎಂದು ಕೇಳಿಯೂ ಕೇಳಿದಳು. ಎರಡು ನಿಮಿಷ ಮಾತಾಡಲಾರದವನು ಏಳು ನಿಮಿಷ ಮಾತಾಡಿದ್ದ.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಮಂಡಿಸಿದ ವಿಚಾರವೊಂದನ್ನು ನಾನು ಆಮೇಲೆ ಓದಿದೆ. ಒಂದು ಕೆಲಸ ತನ್ನಿಂದ ಆಗುತ್ತದೆಂಬ ನಂಬಿಕೆ ಮನುಷ್ಯನಿಗೆ ನಾಲ್ಕು ದಾರಿಯಲ್ಲಿ ಬರುತ್ತದೆಂದು ಅವರು ಹೇಳುತ್ತಾರೆ: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರು ಹುರಿದುಂಬಿಸಿದ ಮಾತು, ಎದೆಬಡಿತ, ಬೆವರು ಮುಂತಾದ ಮೈಯ ಸೂಚನೆಗಳನ್ನು ತಾನು ಅರ್ಥ ಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಮಾಡಿ ಗೆದ್ದ ಅನುಭವಕ್ಕೆ ಬಲ ಹೆಚ್ಚು, ಹುರಿದುಂಬಿಸುವ ಮಾತಿಗೆ ಬಲ ಕಡಿಮೆ. ಓದಿದಾಗ ನನಗೆ ನೆನಪಾದದ್ದು ನಮ್ಮ ತಾಳಮದ್ದಳೆಯ ಕೂಟಗಳೇ. ಅಲ್ಲಿ ಹೊಸಬನಿಗೆ ಮೊದಲ ದಿನವೇ ಕೃಷ್ಣನ ಅರ್ಥ ಯಾರೂ ಕೊಡುವುದಿಲ್ಲ. ದೂತನದೋ ಚಾರಕನದೋ ನಾಲ್ಕು ಮಾತು ಕೊಟ್ಟು, ಹಿರಿಯ ಅರ್ಥಧಾರಿಯ ಎದುರು ಕೂರಿಸುತ್ತಾರೆ. ಅವನು ತಡವರಿಸಿದರೆ ಎದುರಿನವರು ಪ್ರಶ್ನೆಯನ್ನೇ ಉತ್ತರದ ಕಡೆಗೆ ಬಾಗಿಸಿ ಕೇಳುತ್ತಾರೆ. ಸಭೆಗೆ ತಡವರಿಕೆ ಗೊತ್ತೇ ಆಗುವುದಿಲ್ಲ. ನನಗೂ ಹಾಗೆಯೇ ಮಾತು ಬಂದದ್ದು. ಆ ತರಬೇತುದಾರರು ಅಡಿಕೆಯ ಹುಡುಗನಿಗೆ ಮಾಡಿದ್ದು ಇದನ್ನೇ. ಅವರು ತಾಳಮದ್ದಳೆಯನ್ನು ನೋಡಿದವರೋ ಇಲ್ಲವೋ ಕೇಳಲಿಲ್ಲ.

ಇದಕ್ಕೆ ನೇರ ವಿರುದ್ಧವಾದದ್ದು ಶನಿವಾರದ ‘ಮೋಟಿವೇಷನ್’ ತರಗತಿ. ಅದಕ್ಕೆಂದೇ ಬೇರೊಬ್ಬರು ಬರುತ್ತಿದ್ದರು. ಕೋಟು, ಕಾಲರಿಗೆ ಸಿಕ್ಕಿಸಿದ ಮೈಕು, ದೊಡ್ಡ ಪರದೆ. ಇಪ್ಪತ್ತೆಂಟು ಜನರ ಕೋಣೆಗೆ ಮೈಕು ಯಾಕೆಂಬುದು ನನಗೆ ಕೊನೆಯ ತನಕ ತಿಳಿಯಲಿಲ್ಲ. ಒಂದೂವರೆ ಗಂಟೆಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಅವರೇ ಮಾತಾಡುತ್ತಿದ್ದರು. ಎದ್ದು ನಿಂತು ಮುಷ್ಟಿ ಕಟ್ಟಿ ‘ಐ ಕ್ಯಾನ್’ ಎಂದು ಮೂರು ಸಲ ಕೂಗಿಸುತ್ತಿದ್ದರು. ಕೆಳಗಿನ ಬಟ್ಟೆಯಂಗಡಿಯವರು ಒಮ್ಮೆ ಮೇಲೆ ಬಂದು ವಿಚಾರಿಸಿ ಹೋದರು. ಕೂಗುವಾಗ ಹುರುಪೇನೋ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸೋಮವಾರ ಯಾರಾದರೂ ಹೆಚ್ಚು ಮಾತಾಡಿದ್ದನ್ನು ನಾನು ಕಾಣಲಿಲ್ಲ. ‘ಐ ಕ್ಯಾನ್’ ಎಂದಾದ ಮೇಲೆ ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ, ಆ ಜಾಗ ತುಂಬಲು ಅವರಲ್ಲಿ ಅಭ್ಯಾಸಗಳಿರಲಿಲ್ಲ. ಶುಲ್ಕದ ಮೂರನೆಯ ಒಂದು ಭಾಗ ಇದಕ್ಕೆ ಹೋಗಿದೆಯೆಂದು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಹುರುಪು ಮತ್ತು ಪ್ರೇರಣೆ ಒಂದೇ ಅಲ್ಲ ಎಂಬುದು ಹಾಜರಿ ಪುಸ್ತಕದಲ್ಲೇ ಕಾಣುತ್ತಿತ್ತು. ಕೊನೆಯ ವಾರ ಉಳಿದವರು 11 ಮಂದಿ. ಯಾರು ಬಿಟ್ಟರು, ಯಾರು ಉಳಿದರು ಎಂದು ನಾನು ಕುತೂಹಲದಿಂದ ಗಮನಿಸಿದ್ದೆ. ಮೊದಲ ದಿನ ‘ಇಲ್ಲಿಗೆ ಯಾಕೆ ಬಂದಿರಿ’ ಎಂದು ಕೇಳಿದಾಗ ಹೆಚ್ಚಿನವರು ಹೇಳಿದ್ದು ಪ್ಲೇಸ್‌ಮೆಂಟ್, ಸಂದರ್ಶನ, ಗಲ್ಫ್. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತ ನೆಲ. ನಮ್ಮ ಹಿರಿಯರು ಬ್ಯಾಂಕು ಸೇರಿ ಊರೂರು ಸುತ್ತಿ ಇಂಗ್ಲಿಷ್ ಹಿಂದಿ ಎರಡನ್ನೂ ಕೆಲಸ ಮಾಡುತ್ತಲೇ ಕಲಿತರು. ಈಗಿನ ಹುಡುಗರಿಗೆ ಕೆಲಸ ಸಿಗುವ ಮೊದಲೇ ಬಾಯಲ್ಲಿ ಇಂಗ್ಲಿಷ್ ಇರಬೇಕು. ಕೊಣಾಜೆಯ ಆಚೆ ಮುಡಿಪಿನಲ್ಲಿ ಇನ್ಫೋಸಿಸ್ ಕ್ಯಾಂಪಸ್ಸಿನ ಗೇಟು ದಿನವೂ ಕಣ್ಣಿಗೆ ಬೀಳುತ್ತದೆ. ಹಾಗಿರುವಾಗ ಉದ್ಯೋಗದ ಆಸೆಯನ್ನು ಕೀಳಾಗಿ ಕಾಣುವ ಹಕ್ಕು ಸಂಬಳ ಬರುವ ನನ್ನಂಥವನಿಗಿಲ್ಲ. ಆದರೂ, ಕೆಲಸದ ಮಾತನ್ನು ಮಾತ್ರ ಹೇಳಿದವರಲ್ಲಿ ಹೆಚ್ಚಿನವರು ಕಾಲೇಜಿನ ಪರೀಕ್ಷೆ ಹತ್ತಿರ ಬಂದೊಡನೆ ಜಾರಿದರು ಎಂಬುದು ನಾನು ಕಂಡ ಸಂಗತಿ.

ಭಾಷೆ ಕಲಿಯುವವರ ಪ್ರೇರಣೆಯನ್ನು ಕೆನಡಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ 1972ರಲ್ಲಿ ಎರಡಾಗಿ ವಿಂಗಡಿಸಿದ್ದರು: ಕೆಲಸಕ್ಕೆ, ಲಾಭಕ್ಕೆ ಬೇಕೆಂದು ಕಲಿಯುವುದು ಒಂದು, ಆ ಭಾಷೆಯ ಜನರ ನಡುವೆ ಬೆರೆಯಬೇಕೆಂದು ಕಲಿಯುವುದು ಇನ್ನೊಂದು. ಮಂಗಳೂರಿನಲ್ಲಿ ಕುಳಿತು ಯಾವ ಇಂಗ್ಲಿಷ್ ಜನರ ನಡುವೆ ಬೆರೆಯುವುದು? ಹಂಗೆರಿಯ ಜೋಲ್ತಾನ್ ಡಾರ್ನ್ಯೆ 2005ರಲ್ಲಿ ಇದನ್ನು ಬೇರೆ ಬಗೆಯಲ್ಲಿ ಹೇಳಿದರು. ಅದು ನಮಗೆ ಹೆಚ್ಚು ಹೊಂದುತ್ತದೆ. ತಾನು ಆಗಬಯಸುವ ‘ನಾನು’ ಒಂದು, ಇತರರ ಒತ್ತಾಯಕ್ಕೆ ಆಗಲೇಬೇಕಾದ ‘ನಾನು’ ಒಂದು. ಅಪ್ಪನ ಮಾತಿಗೆ, ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯ ಎಚ್ಚರಿಕೆಗೆ ಬಂದವರ ಕಣ್ಣೆದುರು ಎರಡನೆಯದು ಮಾತ್ರ ಇತ್ತು. ಉಳಿದ ಹನ್ನೊಂದು ಮಂದಿಯಲ್ಲಿ ಒಬ್ಬೊಬ್ಬರಿಗೂ ಇಂಥವರೊಡನೆ, ಇಂಥದನ್ನು ಮಾತಾಡಬೇಕೆಂಬ ಖಚಿತವಾದ ಚಿತ್ರವಿತ್ತು. ಅಡಿಕೆಯ ಹುಡುಗನಿಗೆ ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ (ಸಿಪಿಸಿಆರ್‌ಐ) ಬರುವ ಹೊರಗಿನ ವಿಜ್ಞಾನಿಗಳನ್ನು ನೇರವಾಗಿ ಪ್ರಶ್ನೆ ಕೇಳಬೇಕಿತ್ತು. ನನಗೆ ಆ ಪ್ರಾಧ್ಯಾಪಕರಿಗೆ ಉತ್ತರ ಕೊಡಬೇಕಿತ್ತು.

ಇನ್ನೊಬ್ಬಳ ಕತೆ ಇದಕ್ಕಿಂತ ಸೂಕ್ಷ್ಮವಾದದ್ದು. ಉಳ್ಳಾಲದ ಕಡೆಯಿಂದ ಬರುತ್ತಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿ, ಮನೆಮಾತು ಬ್ಯಾರಿ. ಅವಳು ಬರೆದ ಇಂಗ್ಲಿಷಿನಲ್ಲಿ ಒಂದು ತಪ್ಪು ಹುಡುಕುವುದೂ ಕಷ್ಟ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಪಿಯುಸಿಯಲ್ಲಿದ್ದಾಗ ಒಂದು ಶಬ್ದದ ಉಚ್ಚಾರಕ್ಕೆ ತರಗತಿ ಇಡೀ ನಕ್ಕಿತ್ತೆಂದು ಒಮ್ಮೆ ಹೇಳಿದಳು. ಯಾವ ಶಬ್ದವೆಂದು ಐದು ವರ್ಷದ ಮೇಲೂ ಹೇಳಲೊಪ್ಪಲಿಲ್ಲ. ಆಗಸ್ಟಿನ ಒಂದು ಭಾನುವಾರ ನಾನು ದೇರಳಕಟ್ಟೆಗೆ ಹೋದಾಗ ಮಳೆಗೆ ಒಂದು ಅಂಗಡಿಯ ಮಾಡಿನಡಿ ನಿಂತೆ. ಒಳಗೆ ಗಲ್ಲಾದಲ್ಲಿ ಕುಳಿತವಳು ಅವಳೇ. ತಂದೆಯ ಸ್ಟೇಷನರಿ ಅಂಗಡಿ. ಅಲ್ಲಿ ವೈದ್ಯಕೀಯ ಓದಲು ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳಿಗೆ ಜೆರಾಕ್ಸಿನ ದರ, ಸ್ಪೈರಲ್ ಬೈಂಡಿಂಗ್ ಯಾವಾಗ ಸಿಗುತ್ತದೆ, ಪುಟ ಯಾಕೆ ಕಪ್ಪಾಗಿ ಬಂತು ಎಂದು ಅವಳು ಇಂಗ್ಲಿಷಿನಲ್ಲಿ ಸರಾಗವಾಗಿ ವಿವರಿಸುತ್ತಿದ್ದಳು; ಒಬ್ಬನೊಡನೆ ಚಿಲ್ಲರೆಗಾಗಿ ಜಗಳವನ್ನೂ ಆಡಿದಳು. ನನ್ನನ್ನು ಕಂಡೊಡನೆ ನಾಚಿ ಕನ್ನಡಕ್ಕೆ ಬಂದಳು.

ಪೀಟರ್ ಮ್ಯಾಕಿಂಟೈರ್ ಮತ್ತು ಸಂಗಡಿಗರು 1998ರಲ್ಲಿ, ಪರಭಾಷೆಯಲ್ಲಿ ಮಾತಾಡುವ ಮನಸ್ಸು ಹೇಗೆ ಹುಟ್ಟುತ್ತದೆಂಬುದನ್ನು ಪಿರಮಿಡ್ಡಿನಂಥ ಒಂದು ಚಿತ್ರದಲ್ಲಿ ತೋರಿಸಿದ್ದಾರೆ. ಬುಡದಲ್ಲಿ ಸ್ವಭಾವ, ಸಮಾಜದ ಹವೆ; ತುದಿಯ ಹತ್ತಿರ ಎರಡು ಸಂಗತಿಗಳು: ಇಂಥ ಒಬ್ಬ ವ್ಯಕ್ತಿಯೊಡನೆ ಮಾತಾಡಬೇಕೆಂಬ ಆಸೆ, ಆ ಗಳಿಗೆಯ ಆತ್ಮವಿಶ್ವಾಸ. ಗಲ್ಲಾದ ಹಿಂದೆ ಆ ಹುಡುಗಿಗೆ ಎರಡೂ ಇದ್ದವು, ಬೆಂಚಿನ ಮೇಲೆ ಎರಡೂ ಇರಲಿಲ್ಲ. ಅವಳ ಇಂಗ್ಲಿಷ್ ಮಾತ್ರ ಎರಡೂ ಕಡೆ ಅದೇ. ಇದನ್ನು ತರಬೇತುದಾರರಿಗೆ ಹೇಳಿದೆ. ಅವರು ಮುಂದಿನ ತರಗತಿಯಲ್ಲಿ ಮೇಜನ್ನು ಅಡ್ಡ ಹಾಕಿ ಒಂದು ಅಂಗಡಿ ಮಾಡಿದರು, ಅವಳನ್ನು ಒಳಗೆ ಕೂರಿಸಿದರು, ನಾವೆಲ್ಲ ತಕರಾರಿನ ಗಿರಾಕಿಗಳಾದೆವು. ಸೆಪ್ಟೆಂಬರಿನಲ್ಲಿ ಅವಳು ಮೇಜಿಲ್ಲದೆ, ನಿಂತುಕೊಂಡು, ತನ್ನ ಪ್ರಾಜೆಕ್ಟಿನ ಬಗ್ಗೆ ಹತ್ತು ನಿಮಿಷ ಹೇಳಿದಳು. ಕೈ ನಡುಗುತ್ತಿತ್ತು, ಮಾತು ನಿಲ್ಲಲಿಲ್ಲ.

ಉಚ್ಚಾರದ ಪಾಠಗಳು ಸಾಧಾರಣ. ಎಫ್ ಮತ್ತು ಪಿ, ವಿ ಮತ್ತು ಡಬ್ಲ್ಯು ನಮ್ಮ ಬಾಯಲ್ಲಿ ಒಂದಾಗುತ್ತವೆಂಬುದನ್ನು ಚೆನ್ನಾಗಿ ತೋರಿಸಿದರು. ನಮ್ಮಲ್ಲಿ ಕೆಲವರ ‘ಕಾಪಿ’ಯನ್ನು ಕುಡಿಯಬಹುದೋ ಪರೀಕ್ಷೆಯಲ್ಲಿ ಮಾಡಬಹುದೋ ಎಂದು ಕೇಳಿ ನಗಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಪುಸ್ತಕದ ಜೊತೆ ಕೊಟ್ಟ ಆಡಿಯೋ ಮಾತ್ರ ಲಂಡನ್ನಿನ ಉಚ್ಚಾರವನ್ನೇ ಗುರಿಯಾಗಿಸಿಕೊಂಡಿದೆ, ಪಾಠಗಳಲ್ಲಿ ಹಿಮ ಬೀಳುತ್ತದೆ, ಜನ ಅಂಡರ್‌ಗ್ರೌಂಡ್ ರೈಲು ಹಿಡಿಯುತ್ತಾರೆ. ಸ್ಟೇಟ್‌ಬ್ಯಾಂಕ್ ಬಸ್ಸಿನಲ್ಲಿ ಕಂಡಕ್ಟರನ ‘ರೈಟ್ ಪೋಯಿ’ (ರೈಟ್, ಹೋಗೋಣ) ಕೇಳಿಕೊಂಡು ಬಂದವರಿಗೆ ಇದು ಇನ್ನೊಂದು ಗ್ರಹದ ಸುದ್ದಿ. ತನ್ನ ಸ್ವರವೇ ತಪ್ಪು ಎಂದು ಮೊದಲೇ ಅಳುಕಿರುವ ಹುಡುಗನಿಗೆ ತಲುಪಲಾಗದ ಸ್ವರವನ್ನು ಮಾದರಿಯಾಗಿ ಕೊಟ್ಟರೆ ಅಳುಕು ಹೆಚ್ಚುತ್ತದೆ ಅಷ್ಟೆ. ಇದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದ ಕಿಟೆಲರು 1853ರಲ್ಲಿ ಜರ್ಮನಿಯಿಂದ ಬಂದಿಳಿದಾಗ ಅವರ ಕನ್ನಡದ ಉಚ್ಚಾರ ಹೇಗಿತ್ತೋ, ಕೇಳಿದವರು ಮುಸಿ ಮುಸಿ ನಕ್ಕಿರಲೂಬಹುದು. ನಿಘಂಟಿಗೆ ಅದರಿಂದ ತೊಂದರೆಯಾದಂತೆ ಕಾಣುವುದಿಲ್ಲ.

ಉಳಿದ ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಯಾನುಗಳು ತಿರುಗುತ್ತವೆ, ಕರೆಂಟು ಹೋದರೆ ಇನ್ವರ್ಟರ್ ಇದೆ, ಶೌಚಾಲಯ ಚೊಕ್ಕಟ. ತರಗತಿ ಎಂಟಕ್ಕೆ ಮುಗಿಯುವುದರಿಂದ ದೂರದ ಊರಿನವರಿಗೆ ಕೊನೆಯ ಬಸ್ಸಿನ ಚಿಂತೆ. ಕೊನೆಗೆ ಕೊಡುವ ಪ್ರಮಾಣಪತ್ರ ದಪ್ಪ ಕಾಗದದ್ದು. ಅದರ ಮೇಲೆ ಎಲ್ಲರಿಗೂ ‘ಎಕ್ಸಲೆಂಟ್’ ಎಂದೇ ಬರೆದಿದೆ, ಐದು ದಿನ ಮಾತ್ರ ಬಂದ ಒಬ್ಬನಿಗೂ ಕೂಡ.

ಸೇರಬಹುದೇ ಎಂದು ಕೇಳಿದರೆ, ಇಂಥ ಯಾವುದೇ ತರಗತಿಗೆ ದುಡ್ಡು ಕಟ್ಟುವ ಮೊದಲು ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ಬಿಡುತ್ತಾರೆಯೇ ಎಂದು ಕೇಳಿ ಎನ್ನುತ್ತೇನೆ. ಬಿಟ್ಟರೆ ಗಡಿಯಾರ ನೋಡಿ: ತೊಂಬತ್ತು ನಿಮಿಷದಲ್ಲಿ ಕಲಿಯುವವರ ಬಾಯಿ ಎಷ್ಟು ನಿಮಿಷ ಆಡುತ್ತದೆ, ಕಲಿಸುವವರ ಬಾಯಿ ಎಷ್ಟು? ಯಾರಾದರೂ ತಪ್ಪಿದಾಗ ಮೊದಲು ಯಾರು ನಗುತ್ತಾರೆ, ಆಗ ಕಲಿಸುವವರು ಏನು ಮಾಡುತ್ತಾರೆ? ದಂಡದ ಡಬ್ಬ ಮೇಜಿನ ಮೇಲಿದ್ದರೆ ಎದ್ದು ಬನ್ನಿ. ನಾನು ಹೋದ ತರಗತಿಗೆ ವಾರದ ದಿನಗಳಿಗಾಗಿ ಐದಕ್ಕೆ ನಾಲ್ಕು, ಶನಿವಾರಕ್ಕಾಗಿ ಐದಕ್ಕೆ ಒಂದು ಅಂಕ ಕೊಡುತ್ತೇನೆ. ವಾರದ ದಿನಗಳ ತರಬೇತುದಾರರು ಮುಂದಿನ ತಂಡಕ್ಕೆ ಇರುತ್ತಾರೆಯೇ ಎಂದು ಖಚಿತಪಡಿಸಿಕೊಂಡೇ ಸೇರಬೇಕು.

ಠೇವಣಿಯ 500 ರೂಪಾಯಿ ಇನ್ನೂ ಬಂದಿಲ್ಲ. ಪುಸ್ತಕಗಳನ್ನು ಸೆಪ್ಟೆಂಬರ್ ಕೊನೆಯಲ್ಲೇ ಮರಳಿಸಿ ರಶೀದಿ ಪಡೆದಿದ್ದೇನೆ. ಎರಡು ಸಲ ಖುದ್ದಾಗಿ ಹೋಗಿ ಬಂದ ಮೇಲೆ ಕಳೆದ ವಾರ ಕಚೇರಿಗೆ ಫೋನು ಮಾಡಿದೆ. ಹೇಳಬೇಕಾದ್ದನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳದೆ ನಾನು ಇಂಗ್ಲಿಷಿನಲ್ಲಿ ಮಾಡಿದ ಮೊದಲ ಫೋನು ಅದು. ಯಾವ ದಿನ ಕಟ್ಟಿದೆ, ರಶೀದಿ ಸಂಖ್ಯೆ ಎಷ್ಟು, ಎಷ್ಟು ಸಲ ಬಂದು ಹೋದೆ, ಇದು ಸರಿಯಲ್ಲ ಎಂದು ಮೂರು ನಿಮಿಷ ಎಲ್ಲೂ ತಡವರಿಸದೆ ಹೇಳಿದೆ. ಒಂದೆರಡು ಕಡೆ ಕ್ರಿಯಾಪದ ಕೈಕೊಟ್ಟದ್ದು ನನಗೇ ಗೊತ್ತಾಯಿತು, ನಿಲ್ಲಿಸಲಿಲ್ಲ. ಆಚೆ ಕಡೆಯ ಹುಡುಗ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ‘ಎಲ್ಲೆ ಬಲೆ ಸರ್’ ಎಂದು ತುಳುವಿನಲ್ಲಿ ಹೇಳಿ ಫೋನಿಟ್ಟ. ಆ ‘ನಾಳೆ ಬನ್ನಿ’ಗೆ ಇವತ್ತು ಎಂಟು ದಿನ.